ಕುಸುಮೊತೊ ಅವರ ಮೊದಲ ಅಂತ್ಯಕ್ರಿಯೆ

ಕುಸುಮೊತೊ ಗಿಂಜಿರೊ ಅವರ ಅಂತ್ಯಕ್ರಿಯೆ ಎರಡು ಬಾರಿ ನಡೆಯಿತು. ಎರಡನೆಯ ಬಾರಿ ಅವರು ನಿಜಕ್ಕೂ ತೀರಿಕೊಂಡಿದ್ದರು. ಮೊದಲನೆಯ ಬಾರಿ ಬದುಕಿದ್ದರಾದ್ದರಿಂದ ಜನ ಹೆಚ್ಚು ಸೇರಿದ್ದರು, ಊಟ ಚೆನ್ನಾಗಿತ್ತು, ಮೃತರೇ ಎರಡು ಸಲ ಬಿಯರ್ ಕೇಳಿ ಹಾಕಿಸಿಕೊಂಡರು. ನಾನು ಇಲ್ಲಿ ದಾಖಲಿಸುತ್ತಿರುವುದು ಮೊದಲನೆಯದನ್ನು.

ಒಸಾಕಾದಲ್ಲಿ ನನ್ನ ವಯಸ್ಸಿನವರೆಲ್ಲ ಕುಸುಮೊತೊ ಅವರ ದನಿ ಕೇಳಿಯೇ ಬೆಳೆದವರು. ‘ಸರಿ-ತಪ್ಪು ಭಾನುವಾರ’ ಎಂಬ ಅವರ ಟಿವಿ ಸ್ಪರ್ಧೆ ಮೂವತ್ತೊಂದು ವರ್ಷ ನಡೆಯಿತು. ವಿಧಾನ ಸರಳವಾಗಿತ್ತು. ಕುಸುಮೊತೊ ಒಂದು ಹೇಳಿಕೆಯನ್ನು ಓದುತ್ತಿದ್ದರು. ಅದು ಸರಿ ಎನಿಸಿದರೆ ಸ್ಪರ್ಧಿ ಕೆಂಪು ವೃತ್ತದ ಫಲಕವನ್ನೂ ತಪ್ಪೆನಿಸಿದರೆ ನೀಲಿ ಕತ್ತರಿ ಗುರುತಿನ ಫಲಕವನ್ನೂ ಎತ್ತಬೇಕಿತ್ತು. ಉತ್ತರ ಸರಿಯಾದರೆ ಗಂಟೆ ಬಾರಿಸಿ ಮುಂದಿನ ಪ್ರಶ್ನೆ. ತಪ್ಪಾದರೆ ಕಹಳೆ ಊದಿಸಿ ಕುಸುಮೊತೊ ಒಂದು ಹಿಡಿಕೆಯನ್ನು ಎಳೆಯುತ್ತಿದ್ದರು. ಕುರ್ಚಿ ಹಿಂದಕ್ಕೆ ಮಗುಚಿ, ಕುಳಿತವರು ಆಲೂಗಡ್ಡೆ ಹಿಟ್ಟಿನ ತೊಟ್ಟಿಗೆ ಬೀಳುತ್ತಿದ್ದರು. ಇದರಿಂದ ದೇಶದ ಜ್ಞಾನ ಎಷ್ಟು ಹೆಚ್ಚಿತೆಂದು ಹೇಳಲಾರೆ. ಹಿಟ್ಟಂತೂ ವಾರಕ್ಕೆ ನೂರಿಪ್ಪತ್ತು ಕಿಲೋ ಬೇಕಾಗುತ್ತಿತ್ತು. ಅದಕ್ಕೆ ದಾಖಲೆ ಇದೆ.

ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ನಾನು ಆ ಕಾರ್ಯಕ್ರಮದ ತಯಾರಕರ ಕಚೇರಿಗೆ ಸೇರುವ ಹೊತ್ತಿಗೆ ‘ಸರಿ-ತಪ್ಪು’ ನಿಂತು ಎಂಟು ವರ್ಷವಾಗಿತ್ತು. ನನ್ನ ಕೆಲಸ ಬೇರೆ ಕಾರ್ಯಕ್ರಮಗಳ ಪ್ರಶ್ನೆಗಳನ್ನು ಪರಿಶೀಲಿಸುವುದು. ಪ್ರತಿ ಪ್ರಶ್ನೆಗೂ ಒಂದು ಚೀಟಿ. ಚೀಟಿಯಲ್ಲಿ ಎರಡು ಸ್ವತಂತ್ರ ಆಧಾರ. ಎರಡೂ ತಾಳೆಯಾದರೆ ಪರಿಶೀಲಕರ ಕೆಂಪು ಮುದ್ರೆ. ಮುದ್ರೆ ಇಲ್ಲದ ಚೀಟಿ ಸ್ಟುಡಿಯೋದೊಳಗೆ ಹೋಗಬಾರದು. ಈ ನಿಯಮ ಮಾಡಿದವರು ಸ್ವತಃ ಕುಸುಮೊತೊ. ಈ ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎರಡು ಸಾವಿರದ ಹತ್ತೊಂಬತ್ತರ ಏಪ್ರಿಲ್‌ನಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ, ಬದುಕಿರುವಾಗಲೇ ತಮ್ಮ ಅಂತ್ಯಕ್ರಿಯೆ ಮಾಡಿಸಿಕೊಳ್ಳುವುದಾಗಿ ಅವರು ಪ್ರಕಟಿಸಿದರು. ನಮ್ಮಲ್ಲಿ ಇದೇನೂ ಹೊಸತಲ್ಲ. ಹೊಗಳಿಕೆ ಕೇಳುವ ಕಿವಿ ಇರುವಾಗಲೇ ಕೇಳಿಬಿಡಬೇಕು ಎಂಬ ಲೆಕ್ಕಾಚಾರದವರು ಹೀಗೆ ಮಾಡುತ್ತಾರೆ. ನಿರ್ಮಾಪಕ ಉಕಾಯ್ ಸಾನ್ (‘ಸಾನ್’ ನಮ್ಮಲ್ಲಿ ಗೌರವಸೂಚಕ) ಎರಡು ಪುಟಗಳ ಜೀವನಚರಿತ್ರೆ ಬರೆದು, ಪರಿಶೀಲನೆಗೆಂದು ನನ್ನ ಮೇಜಿನ ಮೇಲಿಟ್ಟರು.

ಅದರಲ್ಲಿ ನಲವತ್ತೊಂದು ಹೇಳಿಕೆಗಳಿದ್ದವು. ಕೆಲವನ್ನು ತಿದ್ದಬೇಕಾಯಿತು. ಕುಸುಮೊತೊ ಭೀಕರ ಬಿರುಗಾಳಿಯ ದಿನ ಹುಟ್ಟಿದರೆಂದಿತ್ತು. ಹವಾಮಾನ ದಾಖಲೆಯಂತೆ ಅಂದು ತುಂತುರು ಹನಿ ಮಾತ್ರ. ಅವರು ಕಚೇರಿಗೆ ಬಂದಾಗ ವಿನಯದಿಂದ ತಿಳಿಸಿದೆ.

“ಬಿರುಗಾಳಿ ಅಂತ ನಮ್ಮಮ್ಮನೇ ಹೇಳಿದ್ಳು ಕಣಮ್ಮಾ!” ಎಂದರು.

“ನಿಮ್ಮ ತಾಯಿಯವರು ಒಂದು ಆಧಾರ, ಗುರುಗಳೇ. ಎರಡು ಬೇಕು.”

ಅವರು ಉಕಾಯ್ ಸಾನ್ ಕಡೆ ತಿರುಗಿದರು. “ಈ ಹುಡುಗಿ ಎಲ್ಲಿ ಸಿಕ್ಕಿದ್ಳಯ್ಯಾ? ನನ್ನ ಅಂತ್ಯಕ್ರಿಯೆಗೆ ಇವಳೇ ತೀರ್ಪುಗಾರ್ತಿ. ಗಂಟೆ, ಕಹಳೆ ಎರಡೂ ಇವಳ ಕೈಲಿರಲಿ. ಕೊನೇಲಿ ಒಂದು ಆಟ ಆಡೋಣ.”

ನಲವತ್ತೊಂದನೆಯ ಹೇಳಿಕೆ ಹೀಗಿತ್ತು: ‘ಹದಿನೇಳು ಸಾವಿರದ ಎಂಟುನೂರ ಐವತ್ತಾರು ಪ್ರಶ್ನೆಗಳಲ್ಲಿ ಒಂದೇ ಒಂದು ತಪ್ಪು ತೀರ್ಪನ್ನೂ ಕೊಡಲಿಲ್ಲ.’ ಈ ವಾಕ್ಯವನ್ನೇ ಅವರು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸುವವರಿದ್ದರು. ಕಲ್ಲು ಸಿದ್ಧವಾಗಿತ್ತು, ಬದುಕಿರುವವರ ಹೆಸರಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಅವರ ಹೆಸರೂ ಅದರ ಮೇಲೆ ಏರಿತ್ತು. ಕಲ್ಲುಕುಟಿಗರು ಈ ಒಂದು ಸಾಲಿಗಾಗಿ ಕಾಯುತ್ತಿದ್ದರು.

ಅದೇ ವಾರ ಅತಿಥಿಗಳ ಪಟ್ಟಿಯ ಕೆಲಸವೂ ನನ್ನ ಪಾಲಿಗೆ ಬಂತು. ಪಟ್ಟಿಗೆ ಮೂಲ ಕುಸುಮೊತೊ ಅವರಿಗೆ ಬಂದ ಹೊಸ ವರ್ಷದ ಕಾರ್ಡುಗಳು. ಯಾರು ಪ್ರತಿ ವರ್ಷ ತಪ್ಪದೆ ಕಾರ್ಡು ಕಳಿಸಿದ್ದಾರೋ ಅವರೆಲ್ಲ ಆಪ್ತರು ಎಂಬುದು ಉಕಾಯ್ ಸಾನ್ ಅವರ ಸೂತ್ರ. ಆಮಂತ್ರಣಗಳು ಅಂಚೆಗೆ ಹೋಗಿಯೂ ಆಗಿದ್ದವು. ಹೆಸರುಗಳನ್ನು ಮತ್ತೊಮ್ಮೆ ತಾಳೆ ನೋಡುವಾಗ, ಕಾಯ್‌ಜುಕಾ ಊರಿನ ಕಿಶಿನೊ ತೊಮಿಕೊ ಎಂಬವರ ಕಟ್ಟು ಸಿಕ್ಕಿತು.

ಮೊದಲ ಕಾರ್ಡು ಸಾವಿರದ ಒಂಬೈನೂರ ಎಂಬತ್ತಾರರದು. ‘ಹೊಸ ವರ್ಷದ ಶುಭಾಶಯಗಳು. ರೇಷ್ಮೆ ಬಟ್ಟೆ ಬಳಸುವುದಿಲ್ಲ.’ ಎಂಬತ್ತೇಳರದು: ‘ಹೊಸ ವರ್ಷದ ಶುಭಾಶಯಗಳು. ರೇಷ್ಮೆ ಬಟ್ಟೆ ಬಳಸುವುದಿಲ್ಲ.’ ಹೀಗೆಯೇ ಎರಡು ಸಾವಿರದ ಹತ್ತೊಂಬತ್ತರವರೆಗೆ. ಲೆಕ್ಕದಂತೆ ಮೂವತ್ತನಾಲ್ಕು ಇರಬೇಕಿತ್ತು, ಮೂವತ್ತಮೂರು ಇದ್ದವು. ಎರಡು ಸಾವಿರದ ನಾಲ್ಕರ ಜಾಗದಲ್ಲಿ ಸೂತಕದ ಬೂದುಬಣ್ಣದ ಕಾರ್ಡಿತ್ತು: ‘ಪತಿ ತೀರಿಕೊಂಡಿರುವುದರಿಂದ ಈ ಬಾರಿ ಶುಭಾಶಯ ಕೋರುವುದಿಲ್ಲ. ರೇಷ್ಮೆಯ ವಿಷಯದಲ್ಲಿ ಬದಲಾವಣೆ ಇಲ್ಲ.’

ಕಟ್ಟಿನ ಮೇಲೆ ಯಾರೋ ‘ಅಭಿಮಾನಿ, ಬಹುಶಃ ಕವಯಿತ್ರಿ’ ಎಂದು ಬರೆದಿದ್ದರು. ಬಂದ ಕಾರ್ಡಿಗೆ ಉತ್ತರ ಕಳಿಸದಿರುವುದು ಮರ್ಯಾದೆಯಲ್ಲವಾದ್ದರಿಂದ, ಕಚೇರಿಯಿಂದ ಪ್ರತಿ ವರ್ಷವೂ ಅಚ್ಚು ಹಾಕಿಸಿದ ಉತ್ತರ ಹೋಗಿತ್ತು: ‘ನಿಮ್ಮ ನಿರಂತರ ಪ್ರೋತ್ಸಾಹಕ್ಕೆ ಋಣಿ. ಕುಸುಮೊತೊ.’

ನಾನು ಗೋದಾಮಿಗೆ ಹೋಗಿ, ಮೊದಲ ಕಾರ್ಡಿಗೂ ಹಿಂದಿನ ವರ್ಷವಾದ ಎಂಬತ್ತೈದನೆಯ ಇಸವಿಯ ಪೆಟ್ಟಿಗೆಗಳನ್ನು ತೆಗೆಸಿದೆ. ನವೆಂಬರ್‌ನ ಒಂದು ಸಂಚಿಕೆ. ಸ್ಪರ್ಧಿ: ತೋಫು (ಸೋಯಾ ಹಾಲಿನ ಬಿಳಿ ಪನೀರು) ಅಂಗಡಿಯ ಕಿಶಿನೊ ತೊಮಿಕೊ, ಮೂವತ್ತೆಂಟು ವರ್ಷ. ನಾಲ್ಕನೆಯ ಪ್ರಶ್ನೆಯ ಚೀಟಿ: ‘ರೇಷ್ಮೆ-ಸೋಸು ತೋಫುವನ್ನು ರೇಷ್ಮೆ ಬಟ್ಟೆಯಲ್ಲಿ ಸೋಸುತ್ತಾರೆ. ಉತ್ತರ: ಸರಿ.’ ಮೊದಲ ಆಧಾರದ ಜಾಗದಲ್ಲಿ ಕುಸುಮೊತೊ ಅವರ ಕೈಬರಹ: ‘ಹೆಸರೇ ಹೇಳುತ್ತದಲ್ಲ!’ ಎರಡನೆಯ ಆಧಾರದ ಜಾಗ ಖಾಲಿ. ಮುದ್ರೆ ಇರಲಿಲ್ಲ. ಹಾಜರಿ ಪುಸ್ತಕದ ಪ್ರಕಾರ ಪರಿಶೀಲಕರಿಗೆ ಅಂದು ಶೀತವಾಗಿತ್ತು.

ಟೇಪನ್ನೂ ನೋಡಿದೆ. ತೊಮಿಕೊ ಒಂದು ಕ್ಷಣವೂ ಯೋಚಿಸದೆ ನೀಲಿ ಫಲಕ ಎತ್ತುತ್ತಾರೆ. ಕಹಳೆ ಊದುತ್ತದೆ, ಕುರ್ಚಿ ಮಗುಚುತ್ತದೆ. ಹಿಟ್ಟಿನಿಂದ ಎದ್ದು ಏನೋ ಹೇಳಲು ಬಾಯಿ ತೆರೆದ ಆಕೆಯತ್ತ ಕೈಚಾಚಿ ಕುಸುಮೊತೊ ಕೂಗುತ್ತಾರೆ: “ನೋಡಿ, ತೋಫು ಅಂಗಡಿ ಅಮ್ಮಾವ್ರೇ ತೋಫು ಆಗ್ಬಿಟ್ರು!” ಸ್ಟುಡಿಯೋ ಉರುಳಿ ಉರುಳಿ ನಗುತ್ತದೆ. ಆ ಮಾತು ಅವರ ವೃತ್ತಿಜೀವನದ ಅತ್ಯಂತ ಪ್ರಸಿದ್ಧ ಮಾತಾಯಿತು. ಅದು ಜೀವನಚರಿತ್ರೆಯ ಹದಿನೇಳನೆಯ ಹೇಳಿಕೆ. ನಾನೇ ಮುದ್ರೆ ಒತ್ತಿದ್ದೆ.

ಮರುದಿನ ಬೆಳಿಗ್ಗೆ ಕಾಯ್‌ಜುಕಾಗೆ ಹೋದೆ. ಅಂಗಡಿ ಚಿಕ್ಕದು, ಒಳಗೆ ಹಬೆ, ಬೇಯಿಸಿದ ಸೋಯಾ ಹಾಲಿನ ವಾಸನೆ. ಎಪ್ಪತ್ತೆರಡರ ತೊಮಿಕೊ ರಬ್ಬರ್ ಬೂಟು ಹಾಕಿಕೊಂಡು ನೆಲ ತೊಳೆಯುತ್ತಿದ್ದರು. ಟಿವಿ ಕಾರ್ಯಕ್ರಮದ ಕಚೇರಿಯಿಂದ ಬಂದಿದ್ದೇನೆಂದೆ.

“ಮೂವತ್ತನಾಲ್ಕು ವರ್ಷ ಆಯ್ತು. ರೈಲು ತಡ ಆಯ್ತಾ ತಾಯಿ?”

ಪ್ರಶ್ನೆಯ ವಿಷಯ ಕೇಳಿದೆ. ಅವರು ಎರಡು ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. ಒಂದಕ್ಕೆ ಸುತ್ತಲೂ ತೂತು, ಇನ್ನೊಂದಕ್ಕೆ ಒಂದೂ ಇಲ್ಲ.

“ತೂತಿರೋದು ಹತ್ತಿ-ತೋಫುಗೆ. ಹೆಪ್ಪಾಗಿದ್ದನ್ನ ಒಡೆದು, ಹತ್ತಿ ಬಟ್ಟೆ ಹಾಸಿ, ಮೇಲಿಂದ ಒತ್ತಬೇಕು. ನೀರು ಇಳಿಯತ್ತೆ, ಬಟ್ಟೆ ಗುರುತು ಬೀಳತ್ತೆ. ರೇಷ್ಮೆ-ತೋಫು ಇದರಲ್ಲಿ. ಗಟ್ಟಿ ಹಾಲು ಹುಯ್ಯಿ, ಹೆಪ್ಪಿಗೆ ಸಮುದ್ರದುಪ್ಪಿನ ಕಹಿನೀರು ಹಾಕು, ಸುಮ್ನೆ ಬಿಡು. ಹಾಗೇ ಇಡೀಯಾಗಿ ಕೂತ್ಕೊಳತ್ತೆ. ಬಟ್ಟೇನೇ ಇಲ್ಲ! ನಯವಾಗಿದೆ ಅಂತ ಆ ಹೆಸರು. ರೇಷ್ಮೆಲಿ ಸೋಸಕ್ಕೆ ಹೋದ್ರೆ ಬಟ್ಟೆ ತುಂಬ ಗಂಜಿ ಆಗತ್ತೆ, ಅಷ್ಟೆ.”

ಪ್ರೋಟೀನು ಹೆಪ್ಪುಗಟ್ಟುವ ಬಗೆ ನನಗೆ ಗೊತ್ತಿತ್ತು. ಆದರೂ ಪದ್ಧತಿಯಂತೆ ಆಹಾರ ವಿಜ್ಞಾನದ ಎರಡು ಪುಸ್ತಕಗಳನ್ನು ತೆರೆದು ತಾಳೆ ನೋಡಿದೆ. ಅವರು ಹೇಳಿದ್ದು ಅಕ್ಷರಶಃ ಸರಿ.

“ಆಮೇಲೆ ಏನಾಯ್ತು?” ಎಂದೆ.

“ಏನಾಗತ್ತೆ? ಬಂದವರೆಲ್ಲ ‘ಇವತ್ತು ರೇಷ್ಮೆ ಬಟ್ಟೆ ಒಗೆದಿದೀರಾ ಅಮ್ಮಾ?’ ಅನ್ನೋರು. ಮಕ್ಕಳು ಬೀದಿ ತುದೀಲಿ ‘ತೋಫು ಆಗ್ಬಿಟ್ರು’ ಅಂತ ಕೂಗಿ ಓಡೋರು. ಈಗ ಆ ಮಕ್ಕಳ ಮಕ್ಕಳು ಕೂಗ್ತಾರೆ. ನಮ್ಮತ್ತೆ, ನಂಗೆ ಈ ಕೆಲಸ ಕಲಿಸಿದೋರು, ಮೂರು ತಿಂಗಳು ಮಾತಾಡಲಿಲ್ಲ. ‘ಟಿವಿಯವರು ಕೇಳ್ದಾಗ ಸುಮ್ನೆ ಸರಿ ಅನ್ಬಾರ್ದಿತ್ತಾ?’ ಅಂದ್ರು. ಅವರೂ ಜೀವಮಾನದಲ್ಲಿ ರೇಷ್ಮೆ ಮುಟ್ಟಿದೋರಲ್ಲ!”

ಜೂನ್ ಕೊನೆಗೆ ಅಂಗಡಿ ಮುಚ್ಚುವವರಿದ್ದರು. ಮಂಡಿ ಮಾತು ಕೇಳುತ್ತಿರಲಿಲ್ಲ. ಕ್ಷಮಾಪಣೆಯ ಪತ್ರ ಬರೆಸಿಕೊಡಲೇ ಎಂದು ಕೇಳಿದೆ.

“ಪತ್ರ ಮೂವತ್ತನಾಲ್ಕು ಇವೆ ನನ್ನ ಹತ್ರ, ಪ್ರೋತ್ಸಾಹಕ್ಕೆ ಋಣಿ ಅಂತ. ನಂಗೆ ಗಂಟೆ ಬೇಕು. ಸರಿ ಉತ್ತರಕ್ಕೆ ಗಂಟೆ ಹೊಡೀತಾರೆ. ನಂದು ಸರಿ ಉತ್ತರ. ಬಾಗಿಲು ಹಾಕೋ ಮುಂಚೆ ಅದೊಂದು ಕೇಳ್ಬೇಕು.”

ಗೋಡೆಯ ಕ್ಯಾಲೆಂಡರಿಗೆ ನಮ್ಮ ಆಮಂತ್ರಣ ಸಿಕ್ಕಿಸಿತ್ತು.

ಕಚೇರಿಗೆ ಮರಳಿ ಚೀಟಿ, ಟೇಪು, ಪುಸ್ತಕಗಳನ್ನು ಕ್ರಮವಾಗಿ ಉಕಾಯ್ ಸಾನ್ ಮುಂದಿಟ್ಟೆ. ಅವರು ಎಲ್ಲವನ್ನೂ ಓದಿ, ಕನ್ನಡಕ ತೆಗೆದು, ಮೂಗಿನ ಮೂಲ ಒತ್ತಿಕೊಂಡು ನನ್ನತ್ತ ನೋಡಿದರು.

“ಮಿನಾಸೆ ಸಾನ್, ಮುದುಕ ತನ್ನ ಅಂತ್ಯಕ್ರಿಯೆಗೆ ಅಂತ ಹೊಸ ಹಲ್ಲು ಕಟ್ಟಿಸ್ಕೊಂಡಿದಾನೆ. ಆ ದಿನಾನೇ ಸಾಯಿಸಬೇಕಾ?”

“ಹೇಳಿಕೆ ನಲವತ್ತೊಂದು ಸುಳ್ಳು, ಸಾರ್.”

“ಹದಿನೇಳು ಸಾವಿರದ ಎಂಟುನೂರ ಐವತ್ತೈದು ಸರಿ ಇದೆಯಲ್ಲಮ್ಮಾ!”

“ಅದೂ ಗೊತ್ತಿಲ್ಲ. ಉಳಿದ ಪೆಟ್ಟಿಗೆ ನಾನಿನ್ನೂ ತೆರೆದಿಲ್ಲ.”

ಅವರು ಕಾಗದಗಳನ್ನು ನನ್ನ ಕಡೆ ತಳ್ಳಿದರು. “ಆಟದ ಕೊನೇಲಿ ಗುರುಗಳು ಇದನ್ನೇ ಕೇಳ್ತಾರೆ, ‘ನಂದು ಒಂದೂ ತಪ್ಪಿಲ್ಲ, ಸರಿಯೋ ತಪ್ಪೋ’ ಅಂತ. ನೀನು ಗಂಟೆ ಹೊಡೀತೀಯ. ಎಲ್ಲರೂ ಅಳ್ತಾರೆ. ಊಟ ಮಾಡಿ ಮನೆಗೆ ಹೋಗ್ತಾರೆ. ತಿಳೀತಾ?”

ತಿಳಿಯಿತು ಎಂದೆ. ಒಪ್ಪಿದೆ ಎನ್ನಲಿಲ್ಲ.

ಅಂತ್ಯಕ್ರಿಯೆಗೆ ಜೂನ್ ತಿಂಗಳ ಒಂದು ಭಾನುವಾರ ಗೊತ್ತಾಯಿತು. ಪಂಚಾಂಗದಂತೆ ಅದು, ಸತ್ತವರು ಸ್ನೇಹಿತರನ್ನೂ ಜೊತೆಗೆ ಎಳೆದೊಯ್ಯುವ ದಿನ. ಅಂದು ಯಾರೂ ಹೆಣ ಸುಡುವುದಿಲ್ಲವಾದ್ದರಿಂದ ಸಭಾಂಗಣ ಸುಲಭವಾಗಿ ಸಿಕ್ಕಿತು. ಬಿಳಿ ಸೇವಂತಿಗೆಯ ಗೋಡೆ, ಕಪ್ಪು ಪಟ್ಟಿಯ ಭಾವಚಿತ್ರ, ಅದರ ಮುಂದೆ ತೆರೆದ ಶವಪೆಟ್ಟಿಗೆ, ಪೆಟ್ಟಿಗೆಯೊಳಗೆ ಬಿಳಿ ನಿಲುವಂಗಿಯಲ್ಲಿ ಕುಸುಮೊತೊ. ಹೆಣಕ್ಕೆ ಉಡಿಸುವಂತೆ ಬಲ ಅಂಚನ್ನು ಮೇಲೆ ತಂದು ಉಡಿಸಿ ಎಂದು ಅವರು ಹಟ ಹಿಡಿದಿದ್ದರು. ಉಡಿಸುವಾಕೆ, “ಉಸಿರಾಡೋರಿಗೆ ನಾನು ಹಾಗೆ ಉಡಿಸಲ್ಲ, ಬೇಕಿದ್ರೆ ಉಸಿರು ನಿಲ್ಸಿ” ಎಂದು ಬಗ್ಗಲಿಲ್ಲ.

ಅತಿಥಿಗಳು ಇನ್ನೂರ ಹದಿಮೂರು. ಒಬ್ಬೊಬ್ಬರೇ ಬಂದು ಚಿಟಿಕೆ ಧೂಪದ ಪುಡಿ ಕೆಂಡಕ್ಕೆ ಹಾಕಿ ಕೈಮುಗಿದರು. ಅವರ ಹಳೆಯ ಪ್ರತಿಸ್ಪರ್ಧಿ ನಿರೂಪಕರೊಬ್ಬರು ಬಂದಾಗ ಪೆಟ್ಟಿಗೆಯೊಳಗಿಂದ ದನಿ ಬಂತು: “ಇನ್ನೊಂದು ಚಿಟಿಕೆ ಹಾಕೋ ಜಿಪುಣ.” ಬೌದ್ಧ ಭಿಕ್ಷುಗಳ ಮಂತ್ರಪಠಣ ಉದ್ದವಾದಾಗ ಮೃತರು ಎರಡು ಬಾರಿ ಕೈಗಡಿಯಾರ ನೋಡಿದರು.

ಆಮೇಲೆ ಬಿಯರು, ಸುಶಿ. ಅದಾದ ಮೇಲೆ ಪರದೆ ಸರಿಸಿದಾಗ ಹಳೆಯ ಕುರ್ಚಿ, ಹಿಡಿಕೆ ಮತ್ತು ಹಿಟ್ಟಿನ ತೊಟ್ಟಿ ಕಾಣಿಸಿದವು. ಅಷ್ಟರೊಳಗೆ ಕೆಂಡವನ್ನೂ ಮೇಣದ ಬತ್ತಿಗಳನ್ನೂ ನಾನು ತೆಗೆಸಿದ್ದೆ. ಗಾಳಿಯಲ್ಲಿ ತೇಲುವ ಹಿಟ್ಟಿನ ಧೂಳು ಬೆಂಕಿ ತಗಲಿದರೆ ಸ್ಫೋಟಿಸುತ್ತದೆ. ತೆಗೆಸದಿದ್ದರೆ ಎರಡು ಅಂತ್ಯಕ್ರಿಯೆಗಳೂ ಅಂದೇ ಮುಗಿದುಬಿಡುತ್ತಿದ್ದವು.

ಕುಸುಮೊತೊ ಶವಪೆಟ್ಟಿಗೆಯಿಂದ ಇಳಿದು ಕುರ್ಚಿಯಲ್ಲಿ ಕುಳಿತರು. ಸಭಿಕರ ಕೈಗೆ ಕೆಂಪು-ನೀಲಿ ಫಲಕಗಳು ಬಂದಿದ್ದವು.

“ನನ್ನ ಕೊನೇ ಪ್ರಶ್ನೆ! ಮೂವತ್ತೊಂದು ವರ್ಷದಲ್ಲಿ ಕುಸುಮೊತೊ ಒಂದು ಸಲಾನೂ ತಪ್ಪು ತೀರ್ಪು ಕೊಟ್ಟಿಲ್ಲ. ಸರಿಯೋ, ತಪ್ಪೋ? ನಾನಂತೂ ಸರಿ ಅಂತೀನಿ. ಅಲ್ಲ ಅಂದ್ರೆ, ತಗೊಳಿ, ಬೀಳಿಸಿ ನನ್ನ!”

ಇನ್ನೂರ ಹನ್ನೆರಡು ಕೆಂಪು ವೃತ್ತಗಳು ಮೇಲೆದ್ದವು. ಹಿಂದಿನ ಸಾಲಿನಲ್ಲಿ ಒಂದು ನೀಲಿ.

ಕಪ್ಪು ಕಿಮೋನೋದ ತೊಮಿಕೊ ಎದ್ದು ನಿಂತಿದ್ದರು. ಮಂಡಿ ನೋವಿನಿಂದಾಗಿ ವೇದಿಕೆ ತಲುಪಲು ಅವರಿಗೆ ಸುಮಾರು ಒಂದು ನಿಮಿಷ ಬೇಕಾಯಿತು. ಕುಸುಮೊತೊ ಕಣ್ಣು ಕಿರಿದಾಗಿಸಿ ನೋಡಿದರು. ಅವರ ನೆನಪು ಚೆನ್ನಾಗಿತ್ತು.

“ಅರೆ! ತೋಫು ಅಮ್ಮ!”

“ನಾನೇ. ನಾಲ್ಕನೇ ಪ್ರಶ್ನೆ.”

“ರೇಷ್ಮೆ!” ಅವರು ಸಭೆಯತ್ತ ತಿರುಗಿ ನಕ್ಕರು. “ಇನ್ನೂ ಒಪ್ಪಲ್ಲ ನೋಡಿ ಇವರು! ಹೆಸರೇ ಹೇಳತ್ತಲ್ಲಮ್ಮಾ!”

“ನಿಮ್ಮ ಹೆಸರಲ್ಲಿ ‘ಗಿನ್’ ಇದೆ, ಅಂದ್ರೆ ಬೆಳ್ಳಿ, ಗಿಂಜಿರೊ ಸಾನ್. ಕರಗಿಸಿ ನೋಡೋಣ್ವಾ?”

ಯಾರೋ ಕಿಸಕ್ಕೆಂದರು. ಕುಸುಮೊತೊ ನಗುತ್ತಲೇ ನನ್ನತ್ತ ಕೈ ಮಾಡಿದರು. “ತೀರ್ಪುಗಾರ್ತಿ ಇದಾಳೆ. ನಮ್ಮಮ್ಮನ್ನೇ ನಂಬದೋಳು. ಹೇಳಮ್ಮಾ, ಹೊಡಿ ಗಂಟೆ!”

ಉಕಾಯ್ ಸಾನ್ ನನ್ನ ಪಕ್ಕದಲ್ಲೇ ಇದ್ದರು. ಅವರ ತುಟಿ ‘ಗಂಟೆ, ಗಂಟೆ’ ಎನ್ನುತ್ತಿತ್ತು. ನನ್ನ ಮುಂದೆ ಎರಡು ಗುಂಡಿಗಳಿದ್ದವು, ಎರಡರ ನಡುವೆ ಒಂದೇ ಅಂಗುಲದ ಅಂತರ. ನಾನು ಚೀಟಿಯನ್ನು ತೆಗೆದು ಮೈಕಿನಲ್ಲಿ ಓದಿದೆ: ಪ್ರಶ್ನೆ, ಉತ್ತರ, ಮೊದಲ ಆಧಾರ, ಖಾಲಿ ಇರುವ ಎರಡನೆಯ ಆಧಾರ. ಎರಡು ಪುಸ್ತಕಗಳ ಹೆಸರನ್ನೂ ಪುಟಸಂಖ್ಯೆಯನ್ನೂ ಓದಿದೆ. ಕೊನೆಗೆ, “ಮುದ್ರೆ ಇಲ್ಲ” ಎಂದು, ಕಹಳೆಯ ಗುಂಡಿ ಒತ್ತಿದೆ.

ಆ ಸದ್ದಿಗೆ ಒಬ್ಬ ಅತಿಥಿಯ ಬಾಯಿಂದ ಸುಶಿ ಬಿತ್ತು.

ಕುಸುಮೊತೊ ಚೀಟಿಯನ್ನು ಕೇಳಿ ತರಿಸಿಕೊಂಡರು. ತಮ್ಮದೇ ಕೈಬರಹವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಹೊಸ ಹಲ್ಲುಗಳು ಮೊದಲ ಬಾರಿಗೆ ತುಟಿಯೊಳಗೆ ಮರೆಯಾದವು.

“ಮುದ್ರೆ ಇಲ್ಲದ ಚೀಟಿ ನಾನು ಹೇಗೆ ಓದಿದೆ?”

“ಆ ದಿನ ಪರಿಶೀಲಕರಿಗೆ ಶೀತ, ಗುರುಗಳೇ.”

“ಅವನ ಶೀತಕ್ಕೆ ಬೆಂಕಿ ಬೀಳ,” ಎಂದು ಗೊಣಗಿದರು. ಆಮೇಲೆ ಚೀಟಿಯನ್ನು ನನಗೆ ಹಿಂತಿರುಗಿಸಿ, ನಿಲುವಂಗಿ ಸರಿಪಡಿಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. “ಎಳೀರಿ, ತೋಫು ಅಮ್ಮ.”

ತೊಮಿಕೊ ಹಿಡಿಕೆಯನ್ನು ಎರಡೂ ಕೈಯಿಂದ ಎಳೆದರು. ಮೃತರು ಹಿಂದಕ್ಕೆ ಮಗುಚಿದರು. ಬಿಳಿ ಮೋಡವೊಂದು ಸೇವಂತಿಗೆಯ ಗೋಡೆಯವರೆಗೆ ಎದ್ದಿತು. ಹನ್ನೊಂದು ಸೆಕೆಂಡು ತೊಟ್ಟಿಯಿಂದ ಯಾವ ಸದ್ದೂ ಬರಲಿಲ್ಲ; ಭಿಕ್ಷುಗಳು ಜಪಮಾಲೆಗೆ ಕೈ ಹಾಕಿದರು. ಬಳಿಕ ಒಂದು ದೊಡ್ಡ ಸೀನು.

“ಗಂಟೆ ಎಲ್ರೋ?” ಎಂದಿತು ತೊಟ್ಟಿ. “ಆಯಮ್ಮಂದು ಸರಿ ಉತ್ತರ. ಗಂಟೆ ಹೊಡೀರಿ!”

ನಾನು ಗಂಟೆಯ ಗುಂಡಿ ಒತ್ತಿದೆ. ಅದೇ ಹಳೆಯ, ಎರಡು ಸ್ವರದ ಗಂಟೆ. ತೊಮಿಕೊ ಕಣ್ಣು ಮುಚ್ಚಿ ಅದು ಪೂರ್ತಿ ಅಡಗುವವರೆಗೆ ಕೇಳಿದರು. ಸಭೆ ಕರತಾಡನ ಮಾಡಿತು. ಉಕಾಯ್ ಸಾನ್ ಪರದೆ ಮುಚ್ಚಲು ಸನ್ನೆ ಮಾಡಿದರು. ತೊಮಿಕೊ ಕದಲಲಿಲ್ಲ.

“ಸರಿ ಉತ್ತರಕ್ಕೆ ಮುಂದಿನ ಪ್ರಶ್ನೆ ಉಂಟಲ್ಲ,” ಎಂದರು. “ಐದನೇದು ಎಲ್ಲಿ?”

ನನ್ನ ಫೈಲಿನಲ್ಲಿ ಆ ಸಂಚಿಕೆಯ ಹನ್ನೆರಡೂ ಚೀಟಿಗಳಿದ್ದವು. ಐದನೆಯದನ್ನು ತೊಟ್ಟಿಯ ಅಂಚಿಗೆ ಕೊಟ್ಟೆ. ಅದಕ್ಕೆ ಎರಡು ಆಧಾರವಿತ್ತು, ಮುದ್ರೆಯೂ ಇತ್ತು. ರೆಪ್ಪೆಯ ಮೇಲಿನ ಹಿಟ್ಟನ್ನು ಒರೆಸಿಕೊಂಡು, ಕುಸುಮೊತೊ ಭಾನುವಾರದ ದನಿಯಲ್ಲಿ ಓದಿದರು:

“ಆಕ್ಟೋಪಸ್ಸಿಗೆ ಮೂರು ಹೃದಯ. ಸರಿಯೋ, ತಪ್ಪೋ?”

ತೊಮಿಕೊ ಕುರ್ಚಿಯಲ್ಲಿ ಕುಳಿತು ಬಹಳ ಹೊತ್ತು ಯೋಚಿಸಿದರು. “ಒಸಾಕಾದಲ್ಲಿ ಹುಟ್ಟಿ ದಿನಾ ಅದನ್ನೇ ತಿಂದಿದೀನಿ, ಒಂದೂ ಕಂಡಿಲ್ಲ,” ಎಂದು ನೀಲಿ ಫಲಕ ಎತ್ತಿದರು.

ನಾನು ಕಹಳೆ ಒತ್ತಿದೆ. ಮೂರು ಹೃದಯವಿರುವುದು ನಿಜ.

“ಹೌದಾ?” ಅವರ ಮುಖ ಅರಳಿತು. “ಇದು ನಂಗೆ ಗೊತ್ತೇ ಇರಲಿಲ್ಲ! ಹಾಗಾದ್ರೆ ಎಳೀರಿ.”

“ಬೇಡ ಮಾರಾಯ್ತಿ, ಸೊಂಟ ಮುರಿದೀತು!” ಎಂದರು ಕುಸುಮೊತೊ.

“ನಿಯಮ ನಿಯಮಾನೇ. ನೀವು ಪಕ್ಕಕ್ಕೆ ಸರೀರಿ.”

ಯಾರು ಎಳೆಯುವುದೆಂದು ಎಲ್ಲರೂ ಮುಖ ಮುಖ ನೋಡಿಕೊಂಡರು. ಭಿಕ್ಷುಗಳಲ್ಲೊಬ್ಬರು ಮೆಲ್ಲನೆ ಕೆಮ್ಮಿದರು. “ನಾನು ಎಳೀಲಾ? ಚಿಕ್ಕಂದಿನಿಂದ ಆಸೆ.”

ತೊಮಿಕೊ ಬಿದ್ದರು; ಮೆತ್ತಗೆ ಬಿದ್ದರು, ಏಕೆಂದರೆ ಹಿಟ್ಟನ್ನು ನಾನು ಎರಡು ಪಟ್ಟು ತುಂಬಿಸಿದ್ದೆ. ತೊಟ್ಟಿಯಿಂದ ಎರಡು ಬಿಳಿ ತಲೆಗಳು ಮೇಲೆ ಬಂದವು. ಕುಸುಮೊತೊ ಕೈಚಾಚಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ಅವರು ಮಾತನ್ನು ನುಂಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಹೇಳಿ,” ಎಂದರು ತೊಮಿಕೊ. “ಈಗ ಹೇಳ್ಬಹುದು.”

“ನೋಡಿ, ತೋಫು ಅಂಗಡಿ ಅಮ್ಮಾವ್ರೇ ತೋಫು ಆಗ್ಬಿಟ್ರು!”

ಸಭೆಯಲ್ಲಿ ಮೊದಲು ನಕ್ಕವರು ತೊಮಿಕೊ.

ಸಮಾಧಿಯ ಕಲ್ಲಿಗೆ ‘ಒಂದೇ ಒಂದು ತಪ್ಪು’ ಎಂದು ಕೆತ್ತಿಸುತ್ತೇನೆ ಎಂದು ಕುಸುಮೊತೊ ನನ್ನ ಮುದ್ರೆ ಕೇಳಲು ಬಂದರು. ಆಧಾರಗಳು ಹೇಳುವುದು ‘ಈವರೆಗೆ ಪತ್ತೆಯಾದದ್ದು ಒಂದು’ ಎಂದಷ್ಟೇ ಎಂದೆ. ಅವರು ನನ್ನನ್ನು ಹೆಸರು ಹಿಡಿದು ಬೈದು, ಹಾಗೆಯೇ ಕೆತ್ತಿಸಿದರು. ಮೂರು ವರ್ಷದ ಬಳಿಕ, ಅವರ ಎರಡನೆಯ ಅಂತ್ಯಕ್ರಿಯೆಯಾದಾಗ, ಕಲ್ಲುಕುಟಿಗರು ಅದರ ಮೇಲಿನ ಹೆಸರಿನ ಕೆಂಪು ಬಣ್ಣವನ್ನು ತೊಳೆದು ತೆಗೆದರು.

ಮೊದಲ ಅಂತ್ಯಕ್ರಿಯೆಯ ವರ್ಷವೇ, ಜೂನ್ ಮೂವತ್ತಕ್ಕೆ, ತೊಮಿಕೊ ಅಂಗಡಿ ಮುಚ್ಚಿದ್ದರು. ಮರು ಜನವರಿಯಲ್ಲಿ ಕಚೇರಿಗೆ ಅವರ ಕಾರ್ಡು ಎಂದಿನಂತೆ ಬಂತು. ‘ಹೊಸ ವರ್ಷದ ಶುಭಾಶಯಗಳು. ಆಕ್ಟೋಪಸ್ಸಿಗೆ ಮೂರು ಹೃದಯ.’

ಈ ಬಾರಿ ಉತ್ತರವನ್ನು ಕುಸುಮೊತೊ ಕೈಯಾರೆ ಬರೆದರು. ಅಂಚೆಗೆ ಹಾಕುವ ಮುನ್ನ ನನಗೆ ತೋರಿಸಿದರು: ‘ಎರಡು ಆಧಾರ ನೋಡಿದೆ. ಸರಿ.’